ಚುಕ್ಕಿಗಳ ನಡುವೆ ಒಂದು ಗೆರೆ: ಒಲಿಂಪಿಕ್ಸ್ 100 ಮೀಟರ್ ಓಟದ ಅಂಕಿಗಳಿಂದ ಸ್ಕ್ಯಾಟರ್ ಗ್ರಾಫ್ ಮತ್ತು ಸಹಸಂಬಂಧ ಕಲಿಯುವುದು

ಎರಡು ಅಳತೆಗಳು ಜೊತೆಜೊತೆಯಾಗಿ ಏರಿಳಿಯುತ್ತವೆಯೇ ಎಂದು ತಿಳಿಯಲು ಸ್ಕ್ಯಾಟರ್ ಗ್ರಾಫ್‌ಗಿಂತ ಸರಳವಾದ ಸಾಧನವಿಲ್ಲ. ಒಂದು ಅಳತೆ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ, ಪ್ರತಿ ಜೋಡಿಗೊಂದು ಚುಕ್ಕಿ. ಆದರೆ ಪಠ್ಯದಲ್ಲಿ ಕೊಡುವ ಅಂಕಿಗಳು ಬಹಳ ಸಾಧು ಸ್ವಭಾವದವು. ಚುಕ್ಕಿಗಳು ಸಾಲಾಗಿ ನಿಂತಿರುತ್ತವೆ, ಸ್ಕೇಲ್ ಇಟ್ಟರೆ ಗೆರೆ ತಾನಾಗಿ ಬರುತ್ತದೆ. ನಿಜವಾದ ಅಂಕಿಗಳು ಹಾಗೆ ಮಾತು ಕೇಳುವುದಿಲ್ಲ. ಹಾಗಾಗಿ ಇಲ್ಲಿ ಪುರುಷರ 100 ಮೀಟರ್ ಓಟದ ಒಲಿಂಪಿಕ್ಸ್ ಫೈನಲ್‌ನಲ್ಲಿ ಚಿನ್ನ ಗೆದ್ದವರ ಸಮಯವನ್ನು ತೆಗೆದುಕೊಂಡಿದ್ದೇವೆ. ಹದಿನೈದೇ ಚುಕ್ಕಿ. ಆದರೂ ಈ ವಿಷಯದಲ್ಲಿ ಎಡವಬಹುದಾದ ಹೆಚ್ಚಿನ ಜಾಗಗಳು ಇದರಲ್ಲೇ ಸಿಗುತ್ತವೆ.

ಬೇಕಾಗುವುದು: ಸೆಂಟಿಮೀಟರ್ ಚೌಕದ ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, 30 ಸೆಂ.ಮೀ.ನ ಪಾರದರ್ಶಕ ಸ್ಕೇಲ್, ಕ್ಯಾಲ್ಕ್ಯುಲೇಟರ್. ಸ್ಕೇಲ್ ಪಾರದರ್ಶಕವಾಗಿರಲೇಬೇಕು. ಮರದ ಸ್ಕೇಲ್ ಇಟ್ಟರೆ ಅದರ ಕೆಳಗಿನ ಚುಕ್ಕಿಗಳು ಮುಚ್ಚಿಹೋಗಿ, ಅರ್ಧ ಚುಕ್ಕಿಗಳನ್ನಷ್ಟೇ ನೋಡಿಕೊಂಡು ಗೆರೆ ಎಳೆದಂತಾಗುತ್ತದೆ.

ಅಂಕಿಗಳು

ವರ್ಷ, ಗೆದ್ದ ಸಮಯ ಸೆಕೆಂಡುಗಳಲ್ಲಿ:

1968 – 9.95
1972 – 10.14
1976 – 10.06
1980 – 10.25
1984 – 9.99
1988 – 9.92
1992 – 9.96
1996 – 9.84
2000 – 9.87
2004 – 9.85
2008 – 9.69
2012 – 9.63
2016 – 9.81
2021 – 9.80
2024 – 9.79

ಪಟ್ಟಿ ಮಾಡುವಾಗಲೇ ಮೂರು ತೀರ್ಮಾನ ಮಾಡಬೇಕಾಯಿತು. ಟೋಕಿಯೋ ಕೂಟದ ಹೆಸರು 2020 ಎಂದಿದ್ದರೂ ಓಟ ನಡೆದದ್ದು 2021ರಲ್ಲಿ. ಕಾಲವನ್ನು ಅಳೆಯುತ್ತಿರುವಾಗ ಓಡಿದ ವರ್ಷ ಮುಖ್ಯವೇ ಹೊರತು ಬ್ಯಾನರ್ ಮೇಲಿನ ವರ್ಷವಲ್ಲ. 1988ರಲ್ಲಿ ಮೊದಲು ಗುರಿ ಮುಟ್ಟಿದವರು ಬೆನ್ ಜಾನ್ಸನ್, 9.79 ಸೆಕೆಂಡಿನಲ್ಲಿ. ಉದ್ದೀಪನ ಮದ್ದಿನ ಕಾರಣಕ್ಕೆ ಅವರು ಅನರ್ಹರಾದ್ದರಿಂದ ಪಟ್ಟಿಯಲ್ಲಿರುವುದು ಕಾರ್ಲ್ ಲೂಯಿಸ್ ಅವರ 9.92. ಮೂರನೆಯದು, ಪಟ್ಟಿ 1968ಕ್ಕಿಂತ ಹಿಂದಕ್ಕೆ ಹೋಗದಿರುವುದು. ಹಳೆಯ ಕೂಟಗಳ ಅಧಿಕೃತ ಸಮಯ ಹೆಚ್ಚಾಗಿ ಕೈಯಿಂದ ಒತ್ತುವ ಸ್ಟಾಪ್‌ವಾಚ್‌ನದ್ದು, ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಮಾತ್ರ. ಪಿಸ್ತೂಲು ಸಿಡಿದದ್ದನ್ನು ಕಂಡು ಬೆರಳು ಗುಂಡಿ ಒತ್ತುವಷ್ಟರಲ್ಲಿ ತಡವಾಗುವುದರಿಂದ ಸ್ಟಾಪ್‌ವಾಚ್‌ನ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ. 100 ಮೀಟರಿಗೆ ಈ ವ್ಯತ್ಯಾಸವನ್ನು 0.24 ಸೆಕೆಂಡ್ ಎಂದು ಹಿಡಿಯುವುದು ರೂಢಿ. ನಮ್ಮ ಪಟ್ಟಿಯಲ್ಲಿ ಅತಿ ವೇಗದ ಮತ್ತು ಅತಿ ನಿಧಾನದ ಸಮಯಗಳ ನಡುವಿನ ಅಂತರವೇ 0.62 ಸೆಕೆಂಡ್. ಎರಡು ಬಗೆಯ ಗಡಿಯಾರ ಬೆರೆಸಿದರೆ ಗೆರೆ ಓಟದ ಕಥೆ ಬಿಟ್ಟು ಗಡಿಯಾರದ ಕಥೆ ಹೇಳತೊಡಗುತ್ತದೆ. ಬೇರೆ ಬೇರೆ ತಕ್ಕಡಿ, ಬೇರೆ ಬೇರೆ ಥರ್ಮಾಮೀಟರ್‌ಗಳಿಂದ ಬಂದ ಅಂಕಿಗಳಿಗೂ ಇದೇ ಎಚ್ಚರ ಬೇಕು.

ಅಕ್ಷ ಮತ್ತು ಪ್ರಮಾಣ

ಯಾವುದರಿಂದ ಯಾವುದನ್ನು ಅಂದಾಜು ಮಾಡಬೇಕೋ ನೋಡಿ. ಅಂದಾಜಿಗೆ ಆಧಾರವಾಗುವುದು ಎಕ್ಸ್ ಅಕ್ಷಕ್ಕೆ, ಅಂದಾಜು ಮಾಡಬೇಕಾದದ್ದು ವೈ ಅಕ್ಷಕ್ಕೆ. ಇಲ್ಲಿ ವರ್ಷ ಅಡ್ಡಕ್ಕೆ, ಸಮಯ ಉದ್ದಕ್ಕೆ.

ಎಕ್ಸ್ ಅಕ್ಷವನ್ನು 1960ರಿಂದ 2030ರವರೆಗೆ ಇಟ್ಟು, 1 ಸೆಂ.ಮೀ.ಗೆ 5 ವರ್ಷ ಹಿಡಿಯಿರಿ. 14 ಸೆಂ.ಮೀ. ಆಗುತ್ತದೆ. ವೈ ಅಕ್ಷ 9.50ರಿಂದ 10.30ರವರೆಗೆ, 1 ಸೆಂ.ಮೀ.ಗೆ 0.05 ಸೆಕೆಂಡ್. ಇದು 16 ಸೆಂ.ಮೀ. ಈಗ ಒಂದು ಸಣ್ಣ ಚೌಕ ಅಡ್ಡಕ್ಕೆ ಅರ್ಧ ವರ್ಷ, ಉದ್ದಕ್ಕೆ 0.005 ಸೆಕೆಂಡ್. 1968ರ ಚುಕ್ಕಿ ಮೂಲೆಯಿಂದ ಬಲಕ್ಕೆ 16 ಮಿ.ಮೀ., ಮೇಲಕ್ಕೆ 90 ಮಿ.ಮೀ.ನಲ್ಲಿ ಸರಿಯಾಗಿ ಗೆರೆಗಳ ಕೂಡುವಿಕೆಯಲ್ಲೇ ಬೀಳುತ್ತದೆ. 2012ರದ್ದು ಬಲಕ್ಕೆ 104, ಮೇಲಕ್ಕೆ 26. ಹಾಳೆ ತುಂಬಲಿ ಎಂದು 1 ಸೆಂ.ಮೀ.ಗೆ 3 ಅಥವಾ 7 ಘಟಕ ಹಿಡಿಯುವವರಿದ್ದಾರೆ. ಆಮೇಲೆ ಪ್ರತಿ ಚುಕ್ಕಿಗೂ ಭಾಗಾಕಾರ ಮಾಡುತ್ತಾ ಕೂರಬೇಕಾಗುತ್ತದೆ, ತಪ್ಪುವುದೂ ಅಲ್ಲೇ. 1, 2, 5 ಮತ್ತು ಅವುಗಳ ಹತ್ತರ ಗುಣಕಗಳಲ್ಲೇ ಇರಿ.

ಸಮಯದ ಅಕ್ಷ ಸೊನ್ನೆಯಿಂದ ಶುರುವಾಗಬೇಕಿಲ್ಲ. ಸೊನ್ನೆಯಿಂದ ಶುರು ಮಾಡಿದರೆ ಹದಿನೈದು ಚುಕ್ಕಿಗಳೂ ಹಾಳೆಯ ಮೇಲಂಚಿಗೆ ಅಂಟಿದ ಒಂದು ಪಟ್ಟಿಯಾಗಿಬಿಡುತ್ತವೆ. ಕಂಬದ ನಕ್ಷೆಗೆ ಸೊನ್ನೆ ಬೇಕೇ ಬೇಕು, ಸ್ಕ್ಯಾಟರ್ ಗ್ರಾಫ್‌ಗೆ ಬೇಡ. ಮೂಲೆಯಲ್ಲಿ 1960, 9.50 ಎಂದು ಸ್ಪಷ್ಟವಾಗಿ ಬರೆದರಾಯಿತು.

ಚುಕ್ಕಿಯನ್ನು ದಪ್ಪ ಬೊಟ್ಟಿನ ಹಾಗೆ ಇಡಬೇಡಿ. ಸಣ್ಣ ಗುಣಾಕಾರ ಚಿಹ್ನೆ × ಹಾಕಿದರೆ ನಡುಬಿಂದು ನಿಖರವಾಗಿ ಕಾಣುತ್ತದೆ. ಈ ಪ್ರಮಾಣದಲ್ಲಿ 2 ಮಿ.ಮೀ. ಬೊಟ್ಟು ಎಂದರೆ 0.01 ಸೆಕೆಂಡ್. 2024ರ ಪ್ಯಾರಿಸ್ ಕೂಟದಲ್ಲಿ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಅದರ ಅರ್ಧದಷ್ಟು. ಚುಕ್ಕಿಗಳನ್ನು ಒಂದಕ್ಕೊಂದು ಸೇರಿಸಿ ಗೆರೆ ಎಳೆಯಲೂಬಾರದು. ಅಂಕುಡೊಂಕು ಗೆರೆ ಬಂದ ಕೂಡಲೇ ಕಣ್ಣು ಏರಿಳಿತದ ಹಿಂದೆ ಓಡಿ, ಒಟ್ಟು ಒಲವು ತಪ್ಪಿಹೋಗುತ್ತದೆ.

ಗೆರೆಗೆ ಮೊದಲು ನೋಟ

ಚುಕ್ಕಿಗಳೆಲ್ಲ ಬಿದ್ದ ಮೇಲೆ ಸ್ಕೇಲ್ ಎತ್ತಿಕೊಳ್ಳುವ ಅವಸರ ಬೇಡ. ಹಾಳೆಯನ್ನು ಕೈಯಳತೆ ದೂರ ಹಿಡಿದು ನಾಲ್ಕು ಪ್ರಶ್ನೆ ಕೇಳಿ. ಎಡದಿಂದ ಬಲಕ್ಕೆ ಚುಕ್ಕಿಗಳು ಏರುತ್ತವೆಯೋ ಇಳಿಯುತ್ತವೆಯೋ? ನೇರವಾಗಿ ಸಾಗುತ್ತವೆಯೋ ಬಾಗುತ್ತವೆಯೋ? ಒತ್ತಾಗಿವೆಯೋ ಚೆಲ್ಲಾಡಿವೆಯೋ? ಗುಂಪಿನಿಂದ ಯಾವುದಾದರೂ ದೂರ ನಿಂತಿದೆಯೋ?

ಎಡದಿಂದ ಬಲಕ್ಕೆ ಏರಿದರೆ ಧನ ಸಹಸಂಬಂಧ, ಇಳಿದರೆ ಋಣ, ಯಾವ ಒಲವೂ ಕಾಣದಿದ್ದರೆ ಸಹಸಂಬಂಧವಿಲ್ಲ. ನಮ್ಮ ಚುಕ್ಕಿಗಳು ಇಳಿಯುತ್ತವೆ, ಅಂದರೆ ಋಣ. ಋಣ ಎಂದ ಮಾತ್ರಕ್ಕೆ ಕೆಟ್ಟದ್ದೆಂದಾಗಲೀ ದುರ್ಬಲವೆಂದಾಗಲೀ ಅಲ್ಲ. ವರ್ಷ ಏರಿದಂತೆ ಸಮಯ ಇಳಿಯುತ್ತದೆ ಎಂಬುದಷ್ಟೇ ಅದರರ್ಥ.

ಚುಕ್ಕಿಗಳು ಸ್ಪಷ್ಟವಾಗಿ ಬಾಗಿದ್ದರೆ ನೇರ ಗೆರೆಯನ್ನೇ ಕೈಬಿಡಬೇಕು. –3ರಿಂದ 3ರವರೆಗಿನ ಪೂರ್ಣಾಂಕಗಳನ್ನೂ ಅವುಗಳ ವರ್ಗಗಳನ್ನೂ ಗ್ರಾಫ್ ಮೇಲೆ ಇಟ್ಟು ನೋಡಿ. ಒಂದನ್ನು ಹೇಳಿದರೆ ಇನ್ನೊಂದು ಖಚಿತವಾಗಿ ಗೊತ್ತಾಗುತ್ತದೆ. ಆದರೂ ಲೆಕ್ಕ ಹಾಕಿದರೆ ಸಹಸಂಬಂಧ ಗುಣಾಂಕ, ಅಂದರೆ ಸಹಸಂಬಂಧ ಎಷ್ಟು ಗಟ್ಟಿ ಎಂದು ಹೇಳುವ ಸಂಖ್ಯೆ, ಸೊನ್ನೆ! ಆ ಗುಣಾಂಕ ಅಳೆಯುವುದು ನೇರ ಗೆರೆಯ ಸಂಬಂಧವನ್ನು ಮಾತ್ರ.

ಕೈಯಿಂದ ಗೆರೆ ಎಳೆಯುವುದು

ಮೊದಲು ಸರಾಸರಿ ಬಿಂದು ಕಂಡುಕೊಳ್ಳಿ. ಹದಿನೈದು ವರ್ಷಗಳ ಸರಾಸರಿ 1996.07, ಸಮಯಗಳ ಮೊತ್ತ 148.55, ಸರಾಸರಿ 9.903. ಹಾಳೆಯ ಮೇಲೆ ಬಲಕ್ಕೆ 72 ಮಿ.ಮೀ., ಮೇಲಕ್ಕೆ ಸುಮಾರು 81 ಮಿ.ಮೀ. ಅಲ್ಲೊಂದು ಸಣ್ಣ ಸುತ್ತು ಹಾಕಿ. ಬೆಸ್ಟ್ ಫಿಟ್ ಗೆರೆ, ಅಂದರೆ ಚುಕ್ಕಿಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ನೇರ ಗೆರೆ, ಈ ಬಿಂದುವಿನ ಮೂಲಕವೇ ಹಾದುಹೋಗುತ್ತದೆ. ಇದು ಅಂದಾಜಲ್ಲ, ಲೆಕ್ಕದ ನಿಯಮ.

ಈಗ ಪೆನ್ಸಿಲ್ ಮೊನೆಯನ್ನು ಆ ಸುತ್ತಿನಲ್ಲಿ ಊರಿ, ಸ್ಕೇಲನ್ನು ಅದಕ್ಕೆ ಒರಗಿಸಿ ಏತದ ಮರದಂತೆ ಮೇಲೆ ಕೆಳಗೆ ತಿರುಗಿಸಿ. ಎಡ ಅರ್ಧದಲ್ಲಿ ಚುಕ್ಕಿಗಳು ಗೆರೆಯಿಂದ ಮೇಲೆ ಮತ್ತು ಕೆಳಗೆ ದೂರವಿರುವುದು ಸರಿದೂಗಬೇಕು, ಬಲ ಅರ್ಧದಲ್ಲೂ ಹಾಗೆಯೇ. ದೂರವನ್ನು ಗೆರೆಗೆ ಲಂಬವಾಗಿ ಅಲ್ಲ, ವೈ ಅಕ್ಷದ ದಿಕ್ಕಿನಲ್ಲಿ, ನೇರ ಮೇಲೆ ಕೆಳಗೆ ಅಳೆಯಬೇಕು. ಏಕೆಂದರೆ ನಮಗೆ ತಿಳಿಯಬೇಕಿರುವುದು ಸಮಯದ ಅಂದಾಜು ಎಷ್ಟು ತಪ್ಪಿತು ಎಂಬುದು.

ಈ ಹಂತದಲ್ಲಿ ಪದೇ ಪದೇ ಆಗುವ ತಪ್ಪುಗಳಿವೆ.

ಮೊದಲ ಚುಕ್ಕಿಗೂ ಕೊನೆಯ ಚುಕ್ಕಿಗೂ ಗೆರೆ ಎಳೆದು ಮುಗಿಸುವುದು ಎಲ್ಲಕ್ಕಿಂತ ಸಾಮಾನ್ಯ. 1968ರ 9.95ಕ್ಕೂ 2024ರ 9.79ಕ್ಕೂ ಸೇರಿಸಿದರೆ 56 ವರ್ಷಕ್ಕೆ ಇಳಿದದ್ದು 0.16 ಸೆಕೆಂಡ್, ವರ್ಷಕ್ಕೆ 0.0029. ನಿಜವಾದ ಬೆಸ್ಟ್ ಫಿಟ್ ಗೆರೆಯ ಇಳಿಜಾರು 0.0071. ಹದಿಮೂರು ಚುಕ್ಕಿಗಳನ್ನು ಕಡೆಗಣಿಸಿದ್ದಕ್ಕೆ ಉತ್ತರ ಅರ್ಧಕ್ಕಿಂತ ಕಡಿಮೆಯಾಯಿತು. ಅದರಲ್ಲೂ 1968 ವಿಚಿತ್ರ ಚುಕ್ಕಿ. ಆ ಕೂಟ ನಡೆದ ಮೆಕ್ಸಿಕೋ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿಯ ತೆಳುಗಾಳಿ ಕಡಿಮೆ ದೂರದ ಓಟಗಾರನನ್ನು ಅಷ್ಟಾಗಿ ತಡೆಯುವುದಿಲ್ಲ.

ಗೆರೆಯ ಮೇಲೂ ಕೆಳಗೂ ಸಮ ಸಂಖ್ಯೆಯ ಚುಕ್ಕಿ ಇರಬೇಕು ಎಂಬ ನಂಬಿಕೆ ಇನ್ನೊಂದು. ನಮ್ಮ ನಿಜವಾದ ಗೆರೆಯ ಮೇಲೆ 7 ಚುಕ್ಕಿ, ಕೆಳಗೆ 5, ಹೆಚ್ಚುಕಡಿಮೆ ಗೆರೆಯಲ್ಲೇ 3. ಸರಿದೂಗಬೇಕಾದದ್ದು ತಲೆಯೆಣಿಕೆಯಲ್ಲ, ದೂರಗಳ ಮೊತ್ತ. ಗೆರೆಯನ್ನು ಸೊನ್ನೆಯ ಮೂಲಕ ಹಾಯಿಸುವ ಚಾಳಿಯೂ ಬಿಡಬೇಕಾದದ್ದೇ. ಭೌತಶಾಸ್ತ್ರದ ಕೆಲವು ಪ್ರಯೋಗಗಳಲ್ಲಿ ಅದಕ್ಕೆ ಕಾರಣವಿರುತ್ತದೆ, ಉಳಿದ ಕಡೆ ಇಲ್ಲ.

ಕಣ್ಣಂದಾಜಿನ ಮೇಲೆ ನಂಬಿಕೆ ಬಾರದಿದ್ದರೆ ಅರ್ಧರ್ಧ ಸರಾಸರಿಯ ಉಪಾಯವಿದೆ. ಮೊದಲ ಏಳು ಚುಕ್ಕಿಗಳ ಸರಾಸರಿ ತೆಗೆಯಿರಿ: 1980, 10.04. ನಡುವಿನ 1996ನ್ನು ಬಿಡಿ. ಕೊನೆಯ ಏಳರ ಸರಾಸರಿ: 2012.1, 9.78. ಈ ಎರಡು ಬಿಂದುಗಳನ್ನು ಸೇರಿಸಿ. ಇಳಿಜಾರು ವರ್ಷಕ್ಕೆ 0.0081 ಬರುತ್ತದೆ. ತುಸು ಕಡಿದು, ಆದರೆ ಕೈಕೆಲಸಕ್ಕೆ ಸಾಕಷ್ಟು ಒಳ್ಳೆಯದು.

ಗೆರೆಯ ಇಳಿಜಾರನ್ನು ಓದುವಾಗ ಪಟ್ಟಿಯ ಚುಕ್ಕಿಗಳನ್ನು ಬಳಸಬೇಡಿ. ಗೆರೆಯ ಮೇಲಿನ, ಒಂದರಿಂದೊಂದು ದೂರವಿರುವ ಎರಡು ಜಾಗ ಆರಿಸಿ. ಸರಿಯಾದ ಗೆರೆಯಲ್ಲಿ 1970ಕ್ಕೆ 10.09, 2020ಕ್ಕೆ 9.735 ಓದಬಹುದು. ವ್ಯತ್ಯಾಸ –0.355, ಅದನ್ನು 50 ವರ್ಷದಿಂದ ಭಾಗಿಸಿದರೆ –0.0071. ಹತ್ತಿರದ ಎರಡು ಬಿಂದು ತೆಗೆದುಕೊಂಡರೆ ಓದಿನಲ್ಲಾಗುವ ಅರ್ಧ ಮಿಲಿಮೀಟರ್ ತಪ್ಪೂ ಇಳಿಜಾರಿನಲ್ಲಿ ದೊಡ್ಡದಾಗುತ್ತದೆ.

ಈ –0.0071ಕ್ಕೆ ಮಾತಿನ ಅರ್ಥ ಕೊಡದೆ ಬಿಟ್ಟರೆ ಉತ್ತರ ಅರ್ಧವೇ. ಗೆದ್ದ ಸಮಯ ಸರಾಸರಿಯಾಗಿ ವರ್ಷಕ್ಕೆ 0.0071 ಸೆಕೆಂಡ್ ಇಳಿದಿದೆ. ನಾಲ್ಕು ವರ್ಷದ ಒಂದು ಕೂಟದಿಂದ ಇನ್ನೊಂದಕ್ಕೆ ಸುಮಾರು 0.03 ಸೆಕೆಂಡ್.

ಲೆಕ್ಕದಿಂದ ಗೆರೆ

ಕಣ್ಣಿನ ಗೆರೆ ಇಬ್ಬರದ್ದು ಎರಡು ರೀತಿ ಬರುತ್ತದೆ. ಎಲ್ಲರಿಗೂ ಒಂದೇ ಗೆರೆ ಬರಬೇಕಾದರೆ ಕನಿಷ್ಠ ವರ್ಗ ವಿಧಾನ ಬೇಕು. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಇದನ್ನು ಪ್ರಕಟಿಸಿದರು, ಜರ್ಮನಿಯ ಗೌಸ್ 1809ರಲ್ಲಿ. ಯಾರು ಮೊದಲು ಎಂಬ ಜಗಳವೂ ಆಯಿತು. ಪ್ರತಿ ಚುಕ್ಕಿ ಗೆರೆಯಿಂದ ಎಷ್ಟು ದೂರ ಎಂದು ನೋಡಿ, ಆ ದೂರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಗೆರೆಯೇ ಬೆಸ್ಟ್ ಫಿಟ್. ವರ್ಗ ಮಾಡುವುದರಿಂದ ದೂರದ ಚುಕ್ಕಿಗೆ ಹೆಚ್ಚು ಎಳೆತ ಸಿಗುತ್ತದೆ. ಎರಡರಷ್ಟು ದೂರ ಇರುವ ಚುಕ್ಕಿಗೆ ನಾಲ್ಕರಷ್ಟು ಬೆಲೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕ್ರಮ ಹೀಗೆ. ಪ್ರತಿ ವರ್ಷದಿಂದ ಸರಾಸರಿ ವರ್ಷ ಕಳೆಯಿರಿ, ಪ್ರತಿ ಸಮಯದಿಂದ ಸರಾಸರಿ ಸಮಯ ಕಳೆಯಿರಿ. ಎರಡನ್ನೂ ಗುಣಿಸಿ. 1980ಕ್ಕೆ: –16.07 × 0.347 = –5.57. 2012ಕ್ಕೆ: 15.93 × –0.273 = –4.35. 1968ಕ್ಕೆ: –28.07 × 0.047 = –1.31. ಹೀಗೆ ಹದಿನೈದನ್ನೂ ಕೂಡಿದರೆ –32.18. ಬಳಿಕ ವರ್ಷದ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿ: 4528.9. ಸಮಯದ ವ್ಯತ್ಯಾಸಗಳನ್ನೂ ವರ್ಗ ಮಾಡಿ ಕೂಡಿ: 0.3743. ಈ ಮೂರು ಮೊತ್ತಗಳಿದ್ದರೆ ಉಳಿದದ್ದೆಲ್ಲ ಭಾಗಾಕಾರ.

ಇಳಿಜಾರು = –32.18 ÷ 4528.9 = –0.0071

ಗೆರೆ ಸರಾಸರಿ ಬಿಂದುವಿನಲ್ಲಿ ಹಾದುಹೋಗುವುದರಿಂದ 1968ರಲ್ಲಿ ಅದರ ಎತ್ತರ 9.903 + 0.0071 × 28.07 = 10.10. ಹಾಗಾಗಿ ಗೆರೆಯ ಸಮೀಕರಣ:

ಸಮಯ = 10.10 – 0.0071 × (ವರ್ಷ – 1968)

ಸಹಸಂಬಂಧ ಗುಣಾಂಕ 'ಆರ್' ಸಿಗುವುದೂ ಅದೇ ಮೊತ್ತಗಳಿಂದ. 4528.9 × 0.3743ರ ವರ್ಗಮೂಲ 41.17. –32.18 ÷ 41.17 = –0.78.

'ಆರ್' ಎಂದಿಗೂ –1ಕ್ಕಿಂತ ಕೆಳಗೆ, +1ಕ್ಕಿಂತ ಮೇಲೆ ಹೋಗದು. ಕ್ಯಾಲ್ಕ್ಯುಲೇಟರ್ 1.3 ತೋರಿಸಿದರೆ ಎಲ್ಲೋ ಕೂಡುವಾಗ ತಪ್ಪಾಗಿದೆ. ವರ್ಗಗಳ ಮೊತ್ತಗಳನ್ನು ಮೊದಲು ಮತ್ತೊಮ್ಮೆ ಕೂಡಿ ನೋಡಿ. ಘಟಕ ಬದಲಾದರೂ 'ಆರ್' ಬದಲಾಗುವುದಿಲ್ಲ. ಸೆಕೆಂಡಿನ ಬದಲು ಮಿಲಿಸೆಕೆಂಡ್ ಇಟ್ಟರೆ ಇಳಿಜಾರು ಸಾವಿರಪಟ್ಟು ಆಗುತ್ತದೆ, 'ಆರ್' ಮಾತ್ರ –0.78ರಲ್ಲೇ ಇರುತ್ತದೆ. ಇದರಿಂದ ಇನ್ನೊಂದು ಗೊಂದಲವೂ ಬಗೆಹರಿಯಬೇಕು: 'ಆರ್' ದೊಡ್ಡದಾದರೆ ಗೆರೆ ಕಡಿದಾಗಿರುತ್ತದೆ ಎಂದೇನಿಲ್ಲ. ಗೆರೆ ಎಷ್ಟು ಇಳಿಯುತ್ತದೆ ಎಂಬುದು ಇಳಿಜಾರಿನ ಮಾತು, ಚುಕ್ಕಿಗಳು ಗೆರೆಗೆ ಎಷ್ಟು ಅಂಟಿಕೊಂಡಿವೆ ಎಂಬುದು 'ಆರ್' ಮಾತು.

0.7 ದಾಟಿದರೆ ಪ್ರಬಲ, 0.3ರ ಕೆಳಗೆ ದುರ್ಬಲ ಎಂದು ಪಟ್ಟಿ ಕೊಡುವುದುಂಟು. ಪರೀಕ್ಷೆಗೆ ಅದು ಸಾಕು, ನಿಜದ ಕೆಲಸಕ್ಕೆ ಸಾಲದು. ಎಷ್ಟು ಚುಕ್ಕಿ ಎಂಬುದೂ ಬೇಕು. ಸುಮ್ಮನೆ ಅದೃಷ್ಟದಿಂದಲೂ 'ಆರ್' ದೊಡ್ಡದಾಗಿ ಬರಬಹುದು. ಅದೃಷ್ಟದ ಪಾಲನ್ನು ಶೇ 5ಕ್ಕೆ ಸೀಮಿತಗೊಳಿಸಬೇಕಾದರೆ ಐದು ಚುಕ್ಕಿಗಳಿಗೆ 'ಆರ್' 0.88ರಷ್ಟಾದರೂ ಇರಬೇಕು, ಹದಿನೈದು ಚುಕ್ಕಿಗಳಿಗೆ 0.51 ಸಾಕು. ಐದು ಚುಕ್ಕಿ ಇಟ್ಟು 0.75 ಬಂತೆಂದು ಹಿಗ್ಗಬೇಕಾಗಿಲ್ಲ.

ಎಕ್ಸೆಲ್‌ನಲ್ಲಿ ಮಾಡುವಾಗ

ಎರಡು ಕಾಲಂಗಳನ್ನು ಆರಿಸಿ, ಇನ್ಸರ್ಟ್ ಮೆನುವಿನಲ್ಲಿ 'ಸ್ಕ್ಯಾಟರ್' ಚಾರ್ಟ್ ಆರಿಸಿ. 'ಲೈನ್' ಚಾರ್ಟ್ ಅಲ್ಲ. ನೋಡಲು ಎರಡೂ ಒಂದೇ ಥರ ಕಂಡರೂ ಲೈನ್ ಚಾರ್ಟ್ ವರ್ಷವನ್ನು ಬರಿಯ ಹೆಸರಿನ ಚೀಟಿಯಂತೆ ತೆಗೆದುಕೊಂಡು ಎಲ್ಲವನ್ನೂ ಸಮ ಅಂತರದಲ್ಲಿ ಇಡುತ್ತದೆ. 2016ರಿಂದ 2021ಕ್ಕೆ ಐದು ವರ್ಷ, ಅಲ್ಲಿಂದ 2024ಕ್ಕೆ ಮೂರು ಎಂಬುದು ಅದಕ್ಕೆ ತಿಳಿಯದು. ಅದರ ಇಳಿಜಾರು ವರ್ಷದ ಲೆಕ್ಕದ್ದಲ್ಲ, ಕೂಟದ ಲೆಕ್ಕದ್ದು.

ಯಾವುದಾದರೂ ಚುಕ್ಕಿಯ ಮೇಲೆ ರೈಟ್ ಕ್ಲಿಕ್ ಮಾಡಿ, 'ಆ್ಯಡ್ ಟ್ರೆಂಡ್‌ಲೈನ್' ಆರಿಸಿ, 'ಲೀನಿಯರ್' ಇಟ್ಟುಕೊಳ್ಳಿ. ಸಮೀಕರಣವನ್ನೂ 'ಆರ್' ವರ್ಗವನ್ನೂ ತೋರಿಸುವ ಎರಡು ಚೌಕಗಳಿಗೆ ಟಿಕ್ ಹಾಕಿ. ಇಳಿಜಾರು –0.0071, ಕೂಡುವ ಸಂಖ್ಯೆ ಸುಮಾರು 24.088, 'ಆರ್' ವರ್ಗ 0.61 ಎಂದು ಬರುತ್ತದೆ. ವರ್ಗವಾದ್ದರಿಂದ ಅದು ಯಾವಾಗಲೂ ಧನ. ಋಣ ಚಿಹ್ನೆಯನ್ನು ಇಳಿಜಾರಿನಿಂದ ನಾವೇ ತೆಗೆದುಕೊಳ್ಳಬೇಕು: 0.61ರ ವರ್ಗಮೂಲ 0.78, ಗೆರೆ ಇಳಿಯುವುದರಿಂದ –0.78. ನೇರವಾಗಿ ಬೇಕಿದ್ದರೆ ಕೊರೆಲ್, ಸ್ಲೋಪ್, ಇಂಟರ್‌ಸೆಪ್ಟ್ ಎಂಬ ಫಂಕ್ಷನ್‌ಗಳಿವೆ. ಸ್ಲೋಪ್ ಮತ್ತು ಇಂಟರ್‌ಸೆಪ್ಟ್‌ಗಳಲ್ಲಿ ಮೊದಲು ವೈ ಕಾಲಂ, ಆಮೇಲೆ ಎಕ್ಸ್ ಕಾಲಂ ಕೊಡಬೇಕು. ತಿರುಗುಮುರುಗಾದರೆ ಸದ್ದಿಲ್ಲದೆ ತಪ್ಪು ಉತ್ತರ ಬರುತ್ತದೆ. ಕೊರೆಲ್‌ಗೆ ಈ ಹಂಗಿಲ್ಲ.

ಚಾರ್ಟ್ ಮೇಲೆ ಕಾಣುವ ಸಮೀಕರಣವನ್ನು ನಕಲು ಮಾಡಿ ಲೆಕ್ಕ ಹಾಕುವವರು ಇಲ್ಲಿ ನಿಲ್ಲಿ. 24.088 – 0.0071 × 2024 = 9.718. ಪೂರ್ಣ ಅಂಕಿಗಳಿಂದ ಲೆಕ್ಕ ಹಾಕಿದರೆ 9.705. ಇನ್ನೂ ಮೊಟಕುಗೊಳಿಸಿ 0.007 ಎಂದು ಇಟ್ಟರೆ 9.92, ಅಂದರೆ ಮೂವತ್ತು ವರ್ಷದ ಪ್ರಗತಿಯೇ ಅಳಿಸಿಹೋಯಿತು. ಇಳಿಜಾರಿನಲ್ಲಿ ಕತ್ತರಿಸಿದ ಚೂರು ಚಿಕ್ಕದೇ ಇರಬಹುದು, ಅದನ್ನು 2024ರಿಂದ ಗುಣಿಸಿದಾಗ ಚಿಕ್ಕದಾಗಿ ಉಳಿಯುವುದಿಲ್ಲ. ಟ್ರೆಂಡ್‌ಲೈನ್ ಲೇಬಲ್‌ನ ನಂಬರ್ ಫಾರ್ಮ್ಯಾಟ್‌ನಲ್ಲಿ ದಶಾಂಶ ಸ್ಥಾನಗಳನ್ನು ಏಳೆಂಟಕ್ಕೆ ಏರಿಸಿ. ಇಲ್ಲವೇ ಮೊದಲಿಂದಲೇ 'ವರ್ಷ – 1968' ಎಂಬ ಕಾಲಂ ಮಾಡಿಕೊಳ್ಳಿ, ಅದು ಇನ್ನೂ ಒಳ್ಳೆಯದು.

ಹೊರಗುಳಿದ ಚುಕ್ಕಿಯನ್ನು ಏನು ಮಾಡಬೇಕು

ಗೆರೆಯಿಂದ ಅತಿ ದೂರ ಇರುವುದು 1980. ಗೆರೆ ಹೇಳುವುದು 10.02, ಬಂದದ್ದು 10.25. ಮಾಸ್ಕೋ ಕೂಟವನ್ನು ಅಮೆರಿಕ ಮತ್ತು ಇನ್ನೂ ಅನೇಕ ದೇಶಗಳು ಬಹಿಷ್ಕರಿಸಿದ್ದವು. ಕಣದಲ್ಲಿ ಅಮೆರಿಕದ ಓಟಗಾರರೇ ಇರಲಿಲ್ಲ. ಬ್ರಿಟನ್ನಿನ ಅಲನ್ ವೆಲ್ಸ್ ಗೆದ್ದರು.

ಹಾಗಾದರೆ ಅದನ್ನು ತೆಗೆದುಹಾಕೋಣವೇ? ತೆಗೆದರೆ 'ಆರ್' –0.81ಕ್ಕೆ ಏರುತ್ತದೆ, ಇಳಿಜಾರು ಮಾತ್ರ –0.0062ಕ್ಕೆ ತಗ್ಗುತ್ತದೆ. ಹದಿನೈದರಲ್ಲಿ ಒಂದು ಚುಕ್ಕಿ ಇಳಿಜಾರನ್ನು ಶೇ 13ರಷ್ಟು ಅಲುಗಿಸಿತು. ದೂರದ ಚುಕ್ಕಿಯ ಎಳೆತ ಎಂದದ್ದು ಇದನ್ನೇ. ಬರೆಯುವಾಗ ಅಂಕಿ ತಪ್ಪಿದ್ದರೆ, ಉಪಕರಣ ಕೆಟ್ಟಿದ್ದರೆ ಚುಕ್ಕಿ ತೆಗೆಯಬಹುದು. ಗೆರೆಗೆ ಹೊಂದಲಿಲ್ಲ ಎಂಬುದು ಮಾತ್ರ ಕಾರಣವಾಗಲಾರದು. ನಮ್ಮ ಮಟ್ಟಿಗೆ 1980 ಉಳಿಯಬೇಕು, ಏಕೆಂದರೆ ಪ್ರಶ್ನೆ ಇರುವುದು ಒಲಿಂಪಿಕ್ಸ್ ಗೆಲುವಿನ ಸಮಯದ ಬಗ್ಗೆ, ಮಾಸ್ಕೋ ಕೂಡ ಒಲಿಂಪಿಕ್ಸೇ. ಬಹಿಷ್ಕಾರದ ನೆಪದಲ್ಲಿ ಅದನ್ನು ಬಿಟ್ಟರೆ ತೆಳುಗಾಳಿಯ ನೆಪದಲ್ಲಿ 1968ನ್ನೂ ಬಿಡಬೇಕಾಗುತ್ತದೆ, ಆಮೇಲೆ ಉಸೇನ್ ಬೋಲ್ಟ್ ಅಸಾಮಾನ್ಯ ಎಂದು 2008, 2012ನ್ನೂ. ತೀರಾ ಬೇಕಿದ್ದರೆ ಚುಕ್ಕಿ ಸಹಿತ, ಚುಕ್ಕಿ ರಹಿತ ಎರಡೂ ಉತ್ತರ ಕೊಡಿ.

1973ರಲ್ಲಿ ಫ್ರಾನ್ಸಿಸ್ ಆ್ಯನ್‌ಸ್ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಹನ್ನೊಂದು ಚುಕ್ಕಿಗಳ ನಾಲ್ಕು ಪಟ್ಟಿ ಮಾಡಿದರು. ನಾಲ್ಕಕ್ಕೂ ಒಂದೇ ಸರಾಸರಿ, 0.82ರ ಒಂದೇ 'ಆರ್', ಒಂದೇ ಗೆರೆ: 3 + 0.5 × ಎಕ್ಸ್. ಗ್ರಾಫ್ ಹಾಕಿದರೆ ಒಂದು ಸಾಧಾರಣ ಚೆಲ್ಲಾಟ, ಒಂದು ನುಣುಪಾದ ಬಿಲ್ಲು, ಒಂದರಲ್ಲಿ ನೇರ ಸಾಲು ಮತ್ತು ಒಂದು ತಪ್ಪಿದ ಚುಕ್ಕಿ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಒಂದರ ಮೇಲೊಂದು ಕಂಬದಂತೆ ನಿಂತು, ದೂರದ ಒಂದೇ ಚುಕ್ಕಿ ಇಡೀ ಗೆರೆಯನ್ನು ಹಿಡಿದುಕೊಂಡಿದೆ. ಬರಿಯ 'ಆರ್' ನೋಡಿ ತೃಪ್ತರಾಗುವವರ ಮುಂದೆ ಈ ನಾಲ್ಕು ಚಿತ್ರ ಇಟ್ಟರೆ ಬೇರೆ ಮಾತೇ ಬೇಕಿಲ್ಲ.

ಯಾವ ಕಿಟಕಿಯಿಂದ ನೋಡಿದಿರಿ

ಇದರ ಬಗ್ಗೆ ತರಗತಿಯಲ್ಲಿ ಹೇಳುವುದು ಕಡಿಮೆ, ಸುದ್ದಿಯಲ್ಲಿ ದುರುಪಯೋಗವಾಗುವುದು ಹೆಚ್ಚು. ನಮ್ಮದೇ ಪಟ್ಟಿಯಿಂದ 1996ರಿಂದ 2012ರವರೆಗಿನ ಐದು ಚುಕ್ಕಿ ಮಾತ್ರ ತೆಗೆದುಕೊಳ್ಳಿ. 'ಆರ್' –0.87, ಇಳಿಜಾರು ವರ್ಷಕ್ಕೆ –0.015. ಮನುಷ್ಯರ ವೇಗ ಭರದಿಂದ ಹೆಚ್ಚುತ್ತಿದೆ ಎಂದು ತಲೆಬರಹ ಕೊಡಬಹುದು. ಅದೇ 1996ರಿಂದ ಶುರು ಮಾಡಿ 2024ರವರೆಗೆ ಹೋಗಿ: 'ಆರ್' –0.30, ಇಳಿಜಾರು –0.0025. ಈಗ ವೇಗ ನಿಂತೇಹೋಗಿದೆ ಎಂಬ ತಲೆಬರಹ. ಒಂದೂ ಸುಳ್ಳು ಅಂಕಿಯಿಲ್ಲ, ಶುರು ಮತ್ತು ಕೊನೆ ಆರಿಸಿದ್ದಷ್ಟೇ. ನಮ್ಮ ಐದು ಚುಕ್ಕಿಗಳಲ್ಲಿ ಹಾಗಾಗದಿದ್ದರೂ, ಎಕ್ಸ್ ಅಕ್ಷದ ವ್ಯಾಪ್ತಿ ಕಿರಿದಾದಷ್ಟೂ ಸಹಸಂಬಂಧ ಕುಗ್ಗಿದಂತೆ ಕಾಣುವುದು ಸಾಮಾನ್ಯ ಎಂಬುದೂ ಇದರ ಜೊತೆಗಿದೆ. ಯಾರಾದರೂ ಟ್ರೆಂಡ್‌ಲೈನ್ ತೋರಿಸಿದರೆ, ಪಟ್ಟಿ ಆ ವರ್ಷದಿಂದಲೇ ಏಕೆ ಶುರುವಾಯಿತು ಎಂದು ಕೇಳಿ.

ಗೆರೆಯಿಂದ ಅಂದಾಜು

ಅಂಕಿಗಳ ವ್ಯಾಪ್ತಿಯ ಒಳಗೆ, ಅಂದರೆ 1968 ಮತ್ತು 2024ರ ನಡುವೆ, ಗೆರೆಯಿಂದ ಅಂದಾಜು ಮಾಡುವುದು ಸಾಮಾನ್ಯವಾಗಿ ಸುರಕ್ಷಿತ. 1994ರಲ್ಲಿ ಒಲಿಂಪಿಕ್ಸ್ ನಡೆದಿದ್ದರೆ ಗೆರೆ ಕೊಡುವ ಉತ್ತರ 9.92. ಅದರ ಜೊತೆಗೆ 'ಹೆಚ್ಚುಕಡಿಮೆ 0.1' ಎಂದು ಸೇರಿಸಿ, ಚುಕ್ಕಿಗಳು ಗೆರೆಯಿಂದ ಅಷ್ಟಂತೂ ಚೆದುರಿವೆ. ಉತ್ತರವನ್ನು ಮೂರು ದಶಾಂಶಕ್ಕೆ ಬರೆದರೆ ಇಲ್ಲದ ನಿಖರತೆಯನ್ನು ತೋರಿಸಿದಂತೆ.

ವ್ಯಾಪ್ತಿಯ ಹೊರಗೆ ಗೆರೆಯನ್ನು ಚಾಚುವುದು ಬೇರೆಯೇ ಕಥೆ. 2012ರಲ್ಲಿ ನಿಂತು, ಅಲ್ಲಿಯವರೆಗಿನ ಹನ್ನೆರಡು ಚುಕ್ಕಿಗಳಿಗೆ ಗೆರೆ ಎಳೆದಿದ್ದರೆ 'ಆರ್' –0.82 ಬರುತ್ತಿತ್ತು, ಪೂರ್ತಿ ಪಟ್ಟಿಯದ್ದಕ್ಕಿಂತಲೂ ಚೆನ್ನಾಗಿ. ಆ ಗೆರೆ 2016ಕ್ಕೆ 9.67, 2024ಕ್ಕೆ 9.59 ಎಂದು ಹೇಳುತ್ತಿತ್ತು. ಬಂದದ್ದು 9.81 ಮತ್ತು 9.79. 9.59 ಎಂದರೆ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ 9.58ರ ವಿಶ್ವದಾಖಲೆಯ ಬಾಗಿಲಲ್ಲೇ ನಿಂತ ಹಾಗೆ. 'ಆರ್' ದೊಡ್ಡದಿರುವುದು ನಾಳೆಯ ಭರವಸೆಯಲ್ಲ.

ಇನ್ನೂ ಚಾಚಿದರೆ ನಮ್ಮ ಗೆರೆ ಸುಮಾರು 3390ನೇ ಇಸವಿಯಲ್ಲಿ ಸೊನ್ನೆ ಮುಟ್ಟುತ್ತದೆ, ಪಿಸ್ತೂಲು ಸಿಡಿದಾಗಲೇ ಓಟ ಮುಗಿದಿರುತ್ತದೆ. ಇದು ಬರಿಯ ತಮಾಷೆಯಲ್ಲ. 2004ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಪುರುಷರ ಮತ್ತು ಮಹಿಳೆಯರ ಗೆರೆಗಳನ್ನು ಹೀಗೆಯೇ ಚಾಚಿ, 2156ರ ಒಲಿಂಪಿಕ್ಸ್ ಹೊತ್ತಿಗೆ ಮಹಿಳೆಯರು ಪುರುಷರನ್ನು ಹಿಂದಿಕ್ಕಬಹುದು ಎಂದಿತ್ತು. ಅದೇ ಗೆರೆಗಳ ಪ್ರಕಾರ 2636ರ ಸುಮಾರಿಗೆ ಸೊನ್ನೆಗಿಂತ ಕಡಿಮೆ ಸಮಯದ ಓಟವೂ ನಡೆಯಬೇಕಾಗುತ್ತದೆ ಎಂದು ಓದುಗರೊಬ್ಬರು ಪತ್ರ ಬರೆದು ತೋರಿಸಿಕೊಟ್ಟರು.

ಗೆರೆ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಪ್ರತಿ ಚುಕ್ಕಿಯ ಸಮಯದಿಂದ ಗೆರೆ ಹೇಳುವ ಸಮಯ ಕಳೆದು, ಆ ಅಂತರಗಳನ್ನು ವರ್ಷದ ಕ್ರಮದಲ್ಲಿ ಬರೆಯಿರಿ. ಧನ ಋಣ ಚಿಹ್ನೆಗಳು ಬೆರಕೆಯಾಗಿ ಬಂದರೆ ಚೆನ್ನ. ನಮ್ಮ ಕೊನೆಯ ಮೂರು ಅಂತರಗಳು +0.05, +0.07, +0.09. ಮೂರೂ ಗೆರೆಯ ಮೇಲೆ, ಅದೂ ಹೆಚ್ಚುತ್ತಾ ಸಾಗಿವೆ. ಇಳಿಯುವ ಗೆರೆ ಮುಂದಕ್ಕೆ ಹೋಗುತ್ತಿದೆ, ಸಮಯಗಳು ಮಾತ್ರ ಅದರ ಜೊತೆ ಇಳಿಯುತ್ತಿಲ್ಲ. 2028ರ ಲಾಸ್ ಏಂಜಲೀಸ್‌ಗೆ ಈ ಗೆರೆ 9.68 ಎನ್ನುತ್ತದೆ. ನಾವಾದರೆ ಅದನ್ನು ನೆಚ್ಚುವುದಿಲ್ಲ.

ಗೆರೆಯನ್ನು ಹಿಂದುಮುಂದಾಗಿ ಬಳಸುವುದೂ ತಪ್ಪು. ಸಮಯ ಕೊಟ್ಟು ವರ್ಷ ಕೇಳಿದರೆ ಬೇರೆ ಗೆರೆಯೇ ಬೇಕಾಗುತ್ತದೆ, ಏಕೆಂದರೆ ಆಗ ಕಡಿಮೆ ಮಾಡಬೇಕಾದ ದೂರಗಳು ಅಡ್ಡ ದಿಕ್ಕಿನವು.

ಜೊತೆಗಿದ್ದ ಮಾತ್ರಕ್ಕೆ ಕಾರಣವಲ್ಲ

ವರ್ಷ ಉರುಳಿತೆಂದು ಯಾರ ಕಾಲೂ ಚುರುಕಾಗುವುದಿಲ್ಲ. ಸಿಂಥೆಟಿಕ್ ಟ್ರ್ಯಾಕ್ ಒಲಿಂಪಿಕ್ಸ್‌ಗೆ ಬಂದದ್ದು 1968ರಲ್ಲಿ. ಆಮೇಲೆ ಶೂ, ತರಬೇತಿ, ಆಹಾರ, ಸ್ಪರ್ಧಿಸುವ ದೇಶಗಳ ಸಂಖ್ಯೆ ಎಲ್ಲ ಬದಲಾದವು, ಮದ್ದಿನ ಪಾಲೂ ಇದೆ. ಎಕ್ಸ್ ಅಕ್ಷದ ವರ್ಷ ಇವೆಲ್ಲದರ ಪರವಾಗಿ ನಿಂತಿರುವ ಪ್ರತಿನಿಧಿ ಮಾತ್ರ. ಕಾಲದ ಜೊತೆ ಏರುತ್ತಲೇ ಬಂದ ಯಾವುದನ್ನಾದರೂ, ಬೆಂಗಳೂರಿನ ರಸ್ತೆಗಳಲ್ಲಿರುವ ವಾಹನಗಳ ಸಂಖ್ಯೆಯನ್ನೇ, ಎಕ್ಸ್ ಅಕ್ಷಕ್ಕೆ ಇಟ್ಟರೂ ಈ ಸಮಯಗಳ ಜೊತೆ ಋಣ ಸಹಸಂಬಂಧ ಬರುವುದು ನಿರೀಕ್ಷಿತವೇ. ಹಾಗೆಂದು ಸಿಲ್ಕ್ ಬೋರ್ಡ್ ಜಂಕ್ಷನ್‌ನ ದಟ್ಟಣೆ ಬೋಲ್ಟ್ ಅವರನ್ನು ಓಡಿಸಿತು ಎಂದು ಯಾರೂ ಹೇಳುವುದಿಲ್ಲ. ಕಾಲದ ಜೊತೆ ಸಾಗುವ ಎರಡು ಪಟ್ಟಿ ಎದುರಾದಾಗ ಪ್ರತಿ ಪಟ್ಟಿಯಲ್ಲೂ ಹಿಂದಿನದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳಿಗೆ ಹೊಸ ಸ್ಕ್ಯಾಟರ್ ಗ್ರಾಫ್ ಹಾಕಿ ನೋಡಿ. ಸಂಬಂಧ ಬರಿಯ ಕಾಲದ ಕೊಡುಗೆಯಾಗಿದ್ದರೆ ಅಲ್ಲಿ ಚುಕ್ಕಿಗಳು ದಿಕ್ಕಾಪಾಲಾಗುತ್ತವೆ.

ಉತ್ತರ ಬರೆಯುವಾಗ ಬಳಸುವ ಕ್ರಿಯಾಪದದ ಮೇಲೂ ಕಣ್ಣಿರಲಿ. 'ವರ್ಷ ಹೆಚ್ಚಿದ್ದರಿಂದ ಸಮಯ ಇಳಿಯಿತು' ಎಂದು ಬರೆದರೆ ಕಾರಣ ಹೇಳಿದಂತೆ. 'ವರ್ಷ ಹೆಚ್ಚಿದಂತೆ ಸಮಯ ಇಳಿಯುತ್ತ ಬಂದಿದೆ, ಆರ್ –0.78, 1968–2024, ಹದಿನೈದು ಕೂಟ' ಎಂದು ಬರೆದರೆ ಗ್ರಾಫ್ ತೋರಿಸಿದಷ್ಟನ್ನೇ ಹೇಳಿದಂತೆ.